ಪದ ಪರಿಚಯ: ಒತ್ತೆ

ಒತ್ತೆ – ಅಡವು. ಕೊಟ್ಟ ಮಾತಿಗೆ ಖಾತರಿಯಾಗಿ ಇಟ್ಟ ವಸ್ತು ಅಥವಾ ವ್ಯಕ್ತಿ.

ಕ್ರಿಪ್ಟೊ ಸುದ್ದಿಗಳಲ್ಲಿ ಬರುವ, ಜಾಲದಲ್ಲಿ ಟೋಕನ್ ಕಟ್ಟಿಡುವ ‘ಸ್ಟೇಕಿಂಗ್’ ಅನ್ನು ಕೆಲವರು ‘ಠೇವಣಿ’ ಎನ್ನುತ್ತಾರೆ. ಠೇವಣಿ ಮರಾಠಿಯಿಂದ ಬಂದದ್ದು. ‘ಠೇವಣೆ’ ಎಂದರೆ ಇಡುವುದು. ಸ್ಟೇಕಿಂಗಿಗೆ ಹೊಂದುವ ಪದ ಒತ್ತೆ. ತಮಿಳು, ಮಲಯಾಳಗಳ ‘ಒಱ್ಱಿ’ ಇದರ ದಾಯಾದಿ. ಅಲ್ಲಿ ಅದು ಭೋಗ್ಯದ ಅಡಮಾನ. ಬಾಗಲಕೋಟೆ ಕಡೆ ಹೊಲ, ಬಂಗಾರ ‘ಒತ್ತಿ’ ಇಡುತ್ತಾರೆ. 1792ರ ಶ್ರೀರಂಗಪಟ್ಟಣ ಒಪ್ಪಂದಕ್ಕೆ ಟಿಪ್ಪು ಒತ್ತೆ ಇಟ್ಟದ್ದು ತನ್ನ ಇಬ್ಬರು ಮಕ್ಕಳನ್ನು. 2000ದಲ್ಲಿ ವೀರಪ್ಪನ್ ರಾಜ್‌ಕುಮಾರ್ ಅವರನ್ನು 108 ದಿನ ಹಿಡಿದಿಟ್ಟಾಗ ‘ಒತ್ತೆಯಾಳು’ ಮನೆಮಾತಾಯಿತು.

ಇನ್ನು ಸ್ಟೇಕಿಂಗ್‌ಗೆ ಬಂದರೆ, ಕೃತಕ ಬುದ್ಧಿಮತ್ತೆಯ ವಿಕೇಂದ್ರಿತ ಜಾಲವಾದ ಬಿಟ್‌ಟೆನ್ಸರ್‌ನಲ್ಲಿ ‘ಮೈನರ್’ಗಳು ಕೆಲಸ ಮಾಡಿಕೊಡುತ್ತಾರೆ, ‘ವ್ಯಾಲಿಡೇಟರ್’ಗಳು ಅದಕ್ಕೆ ಅಂಕ ಹಾಕುತ್ತಾರೆ. ವ್ಯಾಲಿಡೇಟರ್ ಬೆನ್ನಿಗಿರುವ ಒತ್ತೆ ಹೆಚ್ಚಿದಷ್ಟೂ ಅವರ ಅಂಕಕ್ಕೆ ತೂಕ ಹೆಚ್ಚು. ಸ್ವಂತ ಯಂತ್ರ ನಡೆಸದವರು ತಮ್ಮ ಟೋಕನ್‌ಗಳನ್ನು ವ್ಯಾಲಿಡೇಟರ್ ಒಬ್ಬರ ಬೆನ್ನಿಗೆ ಒತ್ತೆ ಇಡಬಹುದು, ಇದೇ ‘ಡೆಲಿಗೇಶನ್’. ಒಡೆತನ ಇಟ್ಟವರದೇ. ಪ್ರತಿಫಲದಲ್ಲಿ ವ್ಯಾಲಿಡೇಟರ್ ತನ್ನ ಪಾಲು ಮುರಿದುಕೊಂಡು ಉಳಿದದ್ದು ಒತ್ತೆ ಇಟ್ಟವರಿಗೆ ಸೇರುತ್ತದೆ. ಬೆಲೆ ಕುಸಿದರೆ ನಷ್ಟವೂ ಅವರದೇ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಉಂಟು. ಈ ಒತ್ತೆಗೆ ಅದಿಲ್ಲ.