ಏವ್‌ಬರಿಯ ಕಲ್ಲುಗಳು, ಏವ್‌ಬರಿಯ ಮನೆಗಳು

ಇಂಗ್ಲೆಂಡಿಗೆ ಹೋದ ನಮ್ಮವರು ಸ್ಟೋನ್‌ಹೆಂಜ್ ನೋಡಿ, ಫೋಟೋ ಹೊಡೆಸಿಕೊಂಡು ಬರುತ್ತಾರೆ. ಪುಣೆಯಿಂದ ಮಗಳ ಮನೆಗೆಂದು ಹೋದ ನಾನೂ ಹಾಗೇ ಮಾಡಿದೆ. ಆದರೆ ಅಲ್ಲಿಂದ ಉತ್ತರಕ್ಕೆ, ಕಾರಿನಲ್ಲಿ ಒಂದು ತಾಸಿನೊಳಗಿನ ದಾರಿಯಲ್ಲಿ, ಏವ್‌ಬರಿ ಅಂತ ಒಂದು ಹಳ್ಳಿಯಿದೆ. ನೋಡಬೇಕಾದದ್ದು ಅದು. ಸ್ಟೋನ್‌ಹೆಂಜಿನಲ್ಲಿ ದೂರ ನಿಂತು ನೋಡಬೇಕು. ಇಲ್ಲಿ ಕಲ್ಲಿಗೆ ಬೆನ್ನು ಕೊಟ್ಟು ಕೂತು ಬುತ್ತಿ ಬಿಚ್ಚಬಹುದು.

ಸುತ್ತಲೂ ಕಂದಕ, ಮಣ್ಣಿನ ಏರಿ. ಒಳಗೆ ಸುಮಾರು 330 ಮೀಟರ್ ಅಗಲದ ಕಲ್ಲಿನ ವೃತ್ತ. ನಾಲ್ಕೂವರೆ ಸಾವಿರ ವರ್ಷದ ಹಿಂದಿನದು. ಹತ್ತಿರದಲ್ಲೇ ಸಿಲ್‌ಬರಿ ದಿಬ್ಬವಿದೆ, ಸುಮಾರು 40 ಮೀಟರ್ ಎತ್ತರ, ಪೂರಾ ಮನುಷ್ಯರೇ ಪೇರಿಸಿದ್ದು. ಒಳಗೆ ಯಾವನೋ ರಾಜ ಮಲಗಿದ್ದಾನೆಂದು 1776ರಿಂದ ಮತ್ತೆ ಮತ್ತೆ ಅಗೆದರು, ರಾಜ ಸಿಗಲಿಲ್ಲ. ಅದರಾಚೆ ವೆಸ್ಟ್ ಕೆನೆಟ್ಟಿನ ಉದ್ದನೆಯ ಸಮಾಧಿದಿಬ್ಬ. ಬಗ್ಗಿ ಒಳಗೇ ಹೋಗಬಹುದು.

ಏವ್‌ಬರಿಯ ವಿಶೇಷವೆಂದರೆ ಊರು ಈ ವೃತ್ತದ ಒಳಗೇ ಬೆಳೆದದ್ದು. 14ನೇ ಶತಮಾನದ ಹೊತ್ತಿಗೆ ಜನ ಕೆಲವು ಕಲ್ಲುಗಳನ್ನು ಉರುಳಿಸಿ ಹೂತರು. ಆಮೇಲಿನವರಿಗೆ ಕಲ್ಲು ಬೇಕಾದದ್ದು ಮನೆ ಕಟ್ಟಲಿಕ್ಕೆ. ಕಲ್ಲಿನ ಕೆಳಗೆ ಹೊಂಡ ತೋಡಿ, ಹುಲ್ಲು ತುಂಬಿ ಬೆಂಕಿಯಿಟ್ಟು, ಕಾದ ಮೈಮೇಲೆ ತಣ್ಣೀರು ಸುರಿದು, ಸುತ್ತಿಗೆಯಿಂದ ಬಡಿದರೆ ಕಲ್ಲು ಸೀಳುತ್ತಿತ್ತು. 1720ರ ದಶಕದಲ್ಲಿ ವಿಲಿಯಂ ಸ್ಟೂಕ್ಲಿ ಎಂಬಾತ ಇದನ್ನೆಲ್ಲ ಕಣ್ಣಾರೆ ಕಂಡು, ಹಲುಬುತ್ತಲೇ ಬರೆದಿಟ್ಟ. ಹಲುಬಿದ್ದು ಸರಿಯೇ. ಆದರೂ ಚಳಿಗೆ ಗೋಡೆ ಬೇಕಾದ ರೈತನನ್ನು ಬೈಯಲು ನನಗೆ ನಾಲಿಗೆ ಬರುವುದಿಲ್ಲ.

1930ರ ದಶಕದಲ್ಲಿ ಚಕ್ರ ತಿರುಗಿತು. ಮಾರ್ಮಲೇಡ್ ವ್ಯಾಪಾರದ ಮನೆತನದ ಶ್ರೀಮಂತ ಅಲೆಕ್ಸಾಂಡರ್ ಕೀಲರ್ ಊರಿನ ಬಹುಭಾಗವನ್ನೇ ಕೊಂಡ. ಹೂತ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ. 1938ರಲ್ಲಿ ಒಂದರ ಕೆಳಗೆ ಒಬ್ಬನ ಅಸ್ಥಿಪಂಜರವೇ ಸಿಕ್ಕಿತು, ಜೊತೆಗೆ ಕತ್ತರಿ, ಹಳೇ ನಾಣ್ಯ. ಇಲ್ಲವಾದ ಕಲ್ಲುಗಳ ಜಾಗದಲ್ಲಿ ಕೀಲರ್ ಕಾಂಕ್ರೀಟಿನ ಗುರುತುಕಂಬ ನೆಟ್ಟ. ಅಡ್ಡ ಬಂದ ಮನೆಗಳನ್ನು ಕೆಡವಿಸಿದ. ಅವನು 1943ರಲ್ಲಿ ಜಾಗವನ್ನು ನ್ಯಾಷನಲ್ ಟ್ರಸ್ಟಿಗೆ ಮಾರಿದ ಮೇಲೂ ಜನರನ್ನು ಹೊರಗೆ ಕಳಿಸುವ ಕೆಲಸ ನಡೆಯಿತು. ಹೋದವರಲ್ಲಿ ಹಲವರು ಕೂಗಳತೆಯ ಏವ್‌ಬರಿ ಟ್ರಸ್ಲೋದಲ್ಲಿ ನೆಲೆಸಿದರು. ದೂರವೇನಲ್ಲ, ನಡೆದೇ ಹೋಗಬಹುದು. ಆದರೆ ಊರು ಬಿಟ್ಟವರಿಗೆ ಗೊತ್ತು, ಆ ಲೆಕ್ಕ ಮೈಲಿಯದಲ್ಲ.

ಏವ್‌ಬರಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಅದೇ ವರ್ಷ ಸೇರಿದ್ದು ನಮ್ಮ ಹಂಪಿ. 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರ ಮನೆ, ಅಂಗಡಿಗಳನ್ನು ಬುಲ್ಡೋಜರ್ ತಂದು ಕೆಡವಿದರು. ಮಂಟಪ ಉಳಿಯಬೇಕು, ನಿಜ. ಏವ್‌ಬರಿಯಲ್ಲಾದರೂ ಪೂರ್ತಿ ತೆರವಾಗಲಿಲ್ಲ: ಚರ್ಚು, ಪಬ್ಬು, ಅಷ್ಟಿಷ್ಟು ಮನೆಗಳು ಉಳಿದವು. ನಾನು ಹೋದ ದಿನ ವೃತ್ತದೊಳಗಿನ ಒಂದು ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದರು.