ಸ್ಥಳದಲ್ಲೇ ಬರೆದ ಲೆಕ್ಕ: ಕ್ಯಾಸಂಬಳ್ಳಿ ಸೀಮೆಯ ಬರವಣಿಗೆಯ ಉಪಕರಣಗಳು

ಮನೆಯನ್ನೋ ಹೊಲವನ್ನೋ ಕಣ್ಣಾರೆ ಕಂಡು, ಕಂಡ ಜಾಗದಲ್ಲೇ ನಿಂತು ಅದರ ಅಳತೆಯನ್ನೂ ಸ್ಥಿತಿಗತಿಯನ್ನೂ ಬರೆದಿಡುವುದು ಆಡಳಿತದ ಅತ್ಯಂತ ಹಳೆಯ ಕೆಲಸಗಳಲ್ಲಿ ಒಂದು. ಮೊದಲು ಬಂಗಾರಪೇಟೆ ತಾಲ್ಲೂಕಿಗೂ ಈಗ ಕೆ.ಜಿ.ಎಫ್. ತಾಲ್ಲೂಕಿಗೂ ಸೇರಿದ, ಆಂಧ್ರದ ಗಡಿಗೆ ತೀರ ಹತ್ತಿರದ ಕ್ಯಾಸಂಬಳ್ಳಿ ಹೋಬಳಿಯಲ್ಲಿ ಈ ಕೆಲಸವನ್ನು ಇಂದು ಮಾಡುವವರು ಹಲವರು: ವಸತಿ ಯೋಜನೆಯ ಮನೆ ಎಷ್ಟರಮಟ್ಟಿಗೆ ಎದ್ದಿದೆ ಎಂದು ನೋಡಲು ಬರುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗೃಹಸಾಲ ಕೊಡುವ ಮೊದಲು ಬ್ಯಾಂಕು ಕಳುಹಿಸುವ ಮೌಲ್ಯಮಾಪಕ ಎಂಜಿನಿಯರ್, ಖಾತೆ ಬದಲಾವಣೆಗೆ ಮೊದಲು ಸ್ಥಳ ನೋಡುವ ಗ್ರಾಮ ಆಡಳಿತಾಧಿಕಾರಿ. ಇವರ ಕೈಗೆ ಮೊಬೈಲು ಅಥವಾ ಟ್ಯಾಬ್ಲೆಟ್ ಬಂದಿರುವುದರಿಂದ, ಅಂಥ ಉಪಕರಣವನ್ನು ಆರಿಸುವಾಗ ಏನನ್ನು ನೋಡಬೇಕು ಎಂಬ ಪ್ರಶ್ನೆಯೂ ಎದ್ದಿದೆ. ಇದಕ್ಕೆ ಉತ್ತರವನ್ನು ಕೇವಲ ಪರದೆಯ ಅಳತೆ, ಬ್ಯಾಟರಿಯ ಬಾಳಿಕೆಗಳಲ್ಲಿ ಹುಡುಕುವ ಬದಲು, ಇದೇ ನೆಲದಲ್ಲಿ ಇದೇ ಕೆಲಸಕ್ಕೆ ಹಿಂದೆ ಯಾವ ಯಾವ ಉಪಕರಣಗಳು ಬಳಕೆಯಲ್ಲಿದ್ದವು, ಅವುಗಳಲ್ಲಿ ಬರೆದದ್ದು ಎಷ್ಟು ಕಾಲ ಉಳಿಯಿತು, ಬರೆಸಿಕೊಂಡವನಿಗೆ ಅದು ಕಾಣುತ್ತಿತ್ತೇ ಎಂದು ನೋಡುವುದು ಹೆಚ್ಚು ಫಲಕಾರಿ.

ಮೈಸೂರು ಸೀಮೆಯ ಲೆಕ್ಕಿಗರು ಕಾಗದಕ್ಕೆ ಮೊದಲು ಬಳಸುತ್ತಿದ್ದದ್ದು ಕಡತ. ಇಂದು ಕಚೇರಿಗಳಲ್ಲಿ ಕಡತವೆಂದರೆ ದಾರದಿಂದ ಕಟ್ಟಿದ ಕಾಗದಗಳ ಕಟ್ಟು ಎಂದಷ್ಟೇ ತಿಳಿಯುತ್ತಾರಾದರೂ, ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆಬೀಜದ ಗಂಜಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಒಂದರ ಮೇಲೊಂದು ಬರುವಂತೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೂ ಮರದ ಹಲಗೆಗಳನ್ನು ಸೇರಿಸಿದರೆ ಕಡತ ಸಿದ್ಧವಾಗುತ್ತಿತ್ತು; ಬರೆಯುವುದಕ್ಕೆ ಮೆದುವಾದ ಬಳಪದ ಕಲ್ಲಿನ ಕಡ್ಡಿ ಸಾಕಾಗಿತ್ತು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರು 1810ರಲ್ಲಿ ಪ್ರಕಟವಾದ ತಮ್ಮ ದಕ್ಷಿಣ ಭಾರತದ ಇತಿಹಾಸದಲ್ಲಿ ಕಡತವನ್ನು ವಿವರವಾಗಿ ಬಣ್ಣಿಸಿದ್ದು, ಅದರ ಅಗಲ ಸುಮಾರು 8 ಅಂಗುಲದಿಂದ ಒಂದು ಅಡಿಯವರೆಗೆ, ಉದ್ದ 12ರಿಂದ 18 ಅಡಿಯವರೆಗೆ ಇರುತ್ತಿತ್ತು ಎಂದು ಹೇಳುತ್ತಾರೆ. ಇಂಥ ಕಡತಗಳು ಶೃಂಗೇರಿ ಮಠದಲ್ಲಿ ದೊಡ್ಡ ಸಂಖ್ಯೆಯಲ್ಲಿ ಉಳಿದುಬಂದಿರುವುದರಿಂದ ಅವುಗಳ ಬಾಳಿಕೆಯ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ: ಹುಣಸೆಬೀಜದ ಗಂಜಿ ಬಟ್ಟೆಯ ಎಳೆಗಳನ್ನು ಬಿಗಿಯಾಗಿ ಹಿಡಿದಿಟ್ಟು, ತಲೆಮಾರುಗಳ ಲೆಕ್ಕವನ್ನು ಕಾಪಾಡಿದೆ.

ಊರಿನ ಲೆಕ್ಕ ಬರೆಯುವ ಶಾನುಭೋಗನ ದೃಷ್ಟಿಯಿಂದ ನೋಡಿದರೆ ಕಡತದ ಗುಣಗಳು ಇನ್ನೂ ಸ್ಪಷ್ಟವಾಗುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರ ಮೂಡುವುದರಿಂದಲೂ ಮೇಲ್ಮೈಗೆ ಹೊಳಪಿಲ್ಲದಿರುವುದರಿಂದಲೂ ಬಯಲಿನ ಬಿಸಿಲಿನಲ್ಲಿ ಓದಲು ಕಣ್ಣಿಗೆ ತೊಂದರೆಯಿರಲಿಲ್ಲ. ಹೊಲದ ಬದುವಿನ ಮೇಲೆ ಕುಳಿತಾಗ ಮಸಿಕುಡಿಕೆ ಉರುಳುವ ಭಯವಿರಲಿಲ್ಲ. ಮಡಚಿದರೆ ಕಂಕುಳಲ್ಲಿ ಇರಿಸಿಕೊಂಡು ಮುಂದಿನ ಊರಿಗೆ ನಡೆಯಬಹುದಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪಾದರೆ ಒದ್ದೆ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾಗಿತ್ತು. ಈ ಕೊನೆಯ ಗುಣವೇ ಅದರ ದೋಷವೂ ಆಗಿತ್ತೆಂಬುದನ್ನು ಮರೆಯುವಂತಿಲ್ಲ. ಒರಸಿ ಬರೆದ ಜಾಗದಲ್ಲಿ ಹಿಂದೆ ಏನಿತ್ತೆಂದು ಹೇಳಬಲ್ಲವನು ಬರೆದವನೊಬ್ಬನೇ ಆದ್ದರಿಂದ, ಲೆಕ್ಕದ ನಂಬಿಕೆ ಉಪಕರಣದ ಮೇಲೆ ನಿಲ್ಲದೆ ಶಾನುಭೋಗನ ಮನೆತನದ ಮೇಲೂ ಊರಿನವರ ನೆನಪಿನ ಮೇಲೂ ನಿಂತಿತ್ತು. ಆ ಹುದ್ದೆ ವಂಶಪಾರಂಪರ್ಯವಾಗಿದ್ದ ಕಾಲದಲ್ಲಿ ಅಂಥ ನಂಬಿಕೆ ಬಲವೂ ಆಗಬಹುದಿತ್ತು, ಬಡ ರೈತನ ಪಾಲಿಗೆ ಕಂಟಕವೂ ಆಗಬಹುದಿತ್ತು.

ಕಾಗದದ ಮೇಲೆ ಸ್ಥಳದಲ್ಲೇ ಬರೆಯುವ ಹೊಸ ಶಿಸ್ತು ಈ ಸೀಮೆಗೆ ಬಂದದ್ದು 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ಮೇಲೆ, ಕಾಲಿನ್ ಮೆಕೆಂಜಿ ಮತ್ತು ವಿಲಿಯಂ ಲ್ಯಾಂಬ್ಟನ್ ಅವರ ಮೋಜಣಿಗಳ ಜೊತೆಯಲ್ಲಿ. ಮೋಜಣಿಯೆಂದರೆ ಭೂಮಿಯನ್ನು ಅಳೆದು ನಕ್ಷೆಗೆ ಇಳಿಸುವ ಕೆಲಸ. ಆ ಕೆಲಸದಲ್ಲಿ ತೊಡಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಅಧಿಕಾರಿ 1802ರಲ್ಲಿ ಮೈಸೂರಿನ ಪೂರ್ವಗಡಿಯನ್ನು ಗುರುತಿಸುತ್ತಿದ್ದಾಗ ಈ ಭಾಗದ ಮಣ್ಣಿನಲ್ಲಿ ಚಿನ್ನ ಸಿಗುತ್ತದೆಂಬ ಮಾತು ಕೇಳಿ, ಉರಿಗಾಂ ಮತ್ತು ಮಾರಿಕುಪ್ಪಂ ಸುತ್ತಿನ ಊರವರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವುದನ್ನು ಸ್ವತಃ ನಿಂತು ನೋಡಿ, ನೋಡಿದ್ದನ್ನು ವರದಿಯಾಗಿ ಬರೆದರು. ಅವರ ಕಾಲದಲ್ಲಿ ಅದರಿಂದ ದೊಡ್ಡ ಫಲವೇನೂ ಆಗಲಿಲ್ಲ. ಆದರೆ ವರದಿ ಉಳಿಯಿತು. ಸುಮಾರು 70 ವರ್ಷಗಳ ಬಳಿಕ, ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೇಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಅವರು ಅದನ್ನು ಓದಿ 1871ರಲ್ಲಿ ಕೋಲಾರದತ್ತ ಹೊರಟರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ನಂತರದ ಚಿನ್ನದ ಗಣಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಗಮನಿಸಬೇಕಾದದ್ದು ಬೇರೆ: ಬರೆದ ಅಧಿಕಾರಿಯ ಪರಿಚಯವೇ ಇಲ್ಲದವನೊಬ್ಬ ಎರಡು ತಲೆಮಾರುಗಳ ನಂತರ ಓದಿ ಅದರಂತೆ ನಡೆದುಕೊಳ್ಳುವಷ್ಟು ಖಚಿತವಾಗಿ ಆ ಬರಹ ಸ್ಥಳದ ಸಂಗತಿಯನ್ನು ಹಿಡಿದಿಟ್ಟಿತ್ತು.

ಕಾಗದ ಹಳ್ಳಿಯ ಮಟ್ಟಕ್ಕೆ ಇಳಿದದ್ದು ಬ್ರಿಟಿಷ್ ಕಮಿಷನರ್‌ಗಳ ಆಡಳಿತದ ಕಾಲದಲ್ಲಿ. ಲೆವಿನ್ ಬೌರಿಂಗ್ ಅವರು ಕಮಿಷನರಾಗಿದ್ದಾಗ (ಬೌರಿಂಗ್‌ಪೇಟೆ ಎಂಬ ಹೆಸರನ್ನು ಬಂಗಾರಪೇಟೆ ಪಡೆದದ್ದು ಅವರಿಂದಲೇ) 1863ರಲ್ಲಿ ಮುಂಬಯಿ ಪ್ರಾಂತ್ಯದ ಪದ್ಧತಿಯಂತೆ ಕಂದಾಯ ಮೋಜಣಿ ಆರಂಭವಾಗಿ, ನಂತರದ ದಶಕಗಳಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ಅಳತೆಗೆ 33 ಅಡಿಯ ಸರಪಳಿ. ಅದಕ್ಕೆ 16 ಆಣೆಗಳೆಂಬ ಭಾಗಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲಕ್ಕೆ ಒಂದು ಗುಂಟೆ, ಎಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಹೊಲದಲ್ಲಿ ನಿಂತೇ ಮೋಜಣಿದಾರನು ಬರೆಯುತ್ತಿದ್ದ ಕೈನಕ್ಷೆಗೆ ಟಿಪ್ಪಣಿ ಎಂದೂ, ಅದನ್ನು ಆಧರಿಸಿ ವಿಸ್ತೀರ್ಣ ಮತ್ತು ಕಂದಾಯವನ್ನು ನಿಗದಿಪಡಿಸಿದ ಪಟ್ಟಿಗೆ ಆಕಾರ್‌ಬಂದ್ ಎಂದೂ ಹೆಸರು. ಭೂಮಾಪಕರು ಇಂದಿಗೂ ಗಡಿ ತಕರಾರು ಬಂದಾಗ ಮೊದಲು ಹುಡುಕುವುದು ಈ ಮೂಲ ಟಿಪ್ಪಣಿಯನ್ನೇ. ಕಚೇರಿಯಲ್ಲಿ ಅಂದವಾಗಿ ಎತ್ತಿ ಬರೆದ ಪುಸ್ತಕಕ್ಕಿಂತ ಬದುವಿನ ಮೇಲೆ ಬರೆದ ಕೈನಕ್ಷೆಗೆ ಹೆಚ್ಚಿನ ಬೆಲೆ ಕೊಡುವ ಈ ರೂಢಿ ಬಹಳ ವಿವೇಕದ್ದು.

ಆದರೆ ಈ ಮೋಜಣಿಯಿಂದ ಮನೆಗಳು ಹೊರಗುಳಿದವು. ಕಂದಾಯ ಹುಟ್ಟುವುದು ಸಾಗುವಳಿಯ ಜಮೀನಿನಿಂದಾದ್ದರಿಂದ, ಊರಿನ ಮನೆಗಳಿರುವ ಗ್ರಾಮಠಾಣವನ್ನು ಒಟ್ಟಾಗಿ ಒಂದು ತುಂಡೆಂದು ಗುರುತಿಸಿ ಬಿಡಲಾಯಿತು; ಅದರೊಳಗೆ ಯಾರ ಗೋಡೆ ಎಲ್ಲಿ ಮುಗಿಯುತ್ತದೆ, ಹಿತ್ತಲು ಎಷ್ಟು ಉದ್ದ ಎಂಬುದಕ್ಕೆ ಸರ್ಕಾರದ ಅಳತೆ ಇರಲಿಲ್ಲ. ಮುಂದೆ ಪಂಚಾಯಿತಿಗಳು ಮನೆಗಂದಾಯದ ಪುಸ್ತಕಗಳನ್ನು ಇಟ್ಟವಾದರೂ, ಅವುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಾಲೀಕರ ಹೆಸರು, ತೆರಿಗೆಯ ಮೊತ್ತ ಮತ್ತು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳ ಚಕ್ಕುಬಂದಿ ಮಾತ್ರ. ಚಕ್ಕುಬಂದಿಯೆಂದರೆ ನಾಲ್ಕು ದಿಕ್ಕಿನ ಗಡಿಯ ವಿವರ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ ಎಂದು ಬರೆದಿಟ್ಟರೆ, ಆ ಇಂಥವರು ಮನೆ ಮಾರಿದ ದಿನವೇ ದಾಖಲೆಯ ಒಂದು ಗೋಡೆ ಕುಸಿದಂತೆ.

ಕೆಲವೇ ಮೈಲಿಗಳಾಚೆ, ಗಣಿ ಪ್ರದೇಶದಲ್ಲಿ, ಮನೆಗಳ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ಬಿದಿರಿನ ತಟ್ಟಿಯ ಮನೆಗಳೂ ಸಾಲುಮನೆಗಳೂ ಬಂಗಲೆಗಳೂ ಕಂಪನಿಯ ಸ್ವತ್ತಾದ್ದರಿಂದ ಅವುಗಳ ಲೆಕ್ಕ ಮಾಲೀಕರ ಕಚೇರಿಯಲ್ಲಿತ್ತು, ವಾಸಿಸುವವರ ಕೈಯಲ್ಲಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ಮೇಲೆ ಮನೆಗಳ ನೈರ್ಮಲ್ಯ ತಪಾಸಣೆ ಸಂಸ್ಥಾನದಾದ್ಯಂತ ಸರ್ಕಾರದ ಕೆಲಸವಾಯಿತು. ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರು ಹೊತ್ತ ರಾಬರ್ಟ್‌ಸನ್‌ಪೇಟೆ ನೇರ ಬೀದಿಗಳಲ್ಲಿ ರೂಪುಗೊಂಡದ್ದೂ ಆ ಕಾಲದಲ್ಲೇ. ಗಣಿ ಆಳಕ್ಕಿಳಿದಂತೆ ಬಂಡೆ ಸಿಡಿಯುವ ಅನಾಹುತಗಳು ಹೆಚ್ಚಿ, ನೆಲದ ಮೇಲಿನ ಮನೆಗಳೂ ಅದುರಿ ಬಿರುಕುಬಿಡುತ್ತಿದ್ದುದರಿಂದ, ಗೋಡೆಯ ಬಿರುಕನ್ನು ನೋಡಿ ಬರೆಯುವುದು ಈ ಊರಿನಲ್ಲಿ ಇತರೆಡೆಗಳಿಗಿಂತ ಗಂಭೀರವಾದ ವಿಷಯವಾಗಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಮನೆಗಳು ಮತ್ತು ಅವುಗಳ ಬಿರುಕುಗಳು ಉಳಿದವು.

ಅಷ್ಟರಲ್ಲಿ ಹಳ್ಳಿಯ ಲೆಕ್ಕವೂ ಕೈ ಬದಲಾಯಿಸಿತ್ತು. 1961ರಲ್ಲಿ ಅಂಗೀಕಾರವಾದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹೊಸ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರಕ್ಕೆ ಸೇರಿ, ಕೈಬರಹದ ಪಹಣಿಯ ಮಾನ್ಯತೆ ನಿಂತಿತು. 2013ರ ಇ-ಸ್ವತ್ತು ವ್ಯವಸ್ಥೆ ಪಂಚಾಯಿತಿ ವ್ಯಾಪ್ತಿಯ ಮನೆ-ನಿವೇಶನಗಳಿಗೆ ನಮೂನೆ 9 ಮತ್ತು ನಮೂನೆ 11 ಎಂಬ ಗಣಕೀಕೃತ ದಾಖಲೆಗಳನ್ನು ತಂದಿತು. 2020ರ ಏಪ್ರಿಲ್ 24ರಂದು ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳನ್ನು ಅಳೆಯುವುದು ಮೊದಲಾದಾಗ, 1863ರ ಮೋಜಣಿ ಪದ್ಧತಿ ಬಿಟ್ಟುಹೋದ ಕೆಲಸಕ್ಕೆ ಒಂದೂವರೆ ಶತಮಾನದ ನಂತರ ಕೈಹಾಕಿದಂತಾಯಿತು.

ಮನೆಯ ಪರಿಶೀಲನೆಯನ್ನು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಗಟ್ಟಿಯಾಗಿ ಬೆಸೆದದ್ದು ವಸತಿ ಯೋಜನೆಗಳು. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ವಸತಿ ನಿಗಮದ ಪದ್ಧತಿಯಂತೆ ಫಲಾನುಭವಿಗೆ ಹಣ ಬರುವುದು ಕಂತುಗಳಲ್ಲಿ. ತಳಪಾಯ, ಗೋಡೆ, ಛಾವಣಿ, ಪೂರ್ಣ ಎಂಬ ಒಂದೊಂದು ಹಂತದಲ್ಲೂ ಸ್ಥಳಕ್ಕೆ ಹೋಗಿ, ಅಕ್ಷಾಂಶ-ರೇಖಾಂಶ ದಾಖಲಾಗುವಂತೆ ಛಾಯಾಚಿತ್ರ ತೆಗೆದು ಕಳುಹಿಸಿದ ಮೇಲೆಯೇ ಮುಂದಿನ ಕಂತು. ಹೀಗೆ, ಕೂಲಿ ಮಾಡಿ ಮನೆ ಕಟ್ಟುತ್ತಿರುವ ಕುಟುಂಬವೊಂದರ ಛಾವಣಿ ಮಳೆಗಾಲಕ್ಕೆ ಮುಂಚೆ ಮುಗಿಯುವುದೋ ಇಲ್ಲವೋ ಎಂಬುದು ಒಬ್ಬ ಸಿಬ್ಬಂದಿಯ ಕೈಯಲ್ಲಿರುವ ಯಂತ್ರ ಆ ದಿನ ಸರಿಯಾಗಿ ಕೆಲಸ ಮಾಡಿತೇ ಎಂಬುದನ್ನು ಅವಲಂಬಿಸುವಂತಾಯಿತು. 2024ರಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಒಂದರ ಮೇಲೊಂದರಂತೆ ಹೇರಿದ ಆ್ಯಪ್‌ಗಳ ಹೊರೆಯೂ ತಕ್ಕ ಸಲಕರಣೆಗಳ ಕೊರತೆಯೂ ಅವರ ದೂರುಗಳಲ್ಲಿ ಸೇರಿದ್ದವು. ಆ ದೂರಿನಲ್ಲಿ ನ್ಯಾಯವಿತ್ತು.

ಈ ಹಿನ್ನೆಲೆಯಲ್ಲಿ ಟ್ಯಾಬ್ಲೆಟ್‌ನ ಆಯ್ಕೆಯನ್ನು ನೋಡಿದರೆ ಕಡತದ ಗುಣಗಳೇ ಮತ್ತೆ ಅಳತೆಗೋಲಾಗುತ್ತವೆ. ಮೊದಲನೆಯದು ಬಿಸಿಲಿನಲ್ಲಿ ಓದಲು ಬರುವುದು: ಹೊಳೆಯುವ ಗಾಜಿನ ಪರದೆ ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಬರೆಯುವವರ ಮುಖವನ್ನೇ ತೋರಿಸುವುದರಿಂದ, ಹೆಚ್ಚಿನ ಪ್ರಕಾಶದ, ಪ್ರತಿಫಲನ ಕಡಿಮೆ ಮಾಡುವ ಲೇಪವಿರುವ ಪರದೆ ಬೇಕು. ಎರಡನೆಯದು ಧೂಳು. ಚಿನ್ನ ತೆಗೆದು ಉಳಿದ ನುಣುಪು ಮಣ್ಣನ್ನು ಸುರಿದು ಎದ್ದ ಸಯನೈಡ್ ದಿಬ್ಬಗಳಿಂದ ಆಷಾಢದ ಗಾಳಿಗೆ ಏಳುವ ಧೂಳು ಕಿಂಡಿ ಕಿಂಡಿಗೂ ನುಗ್ಗುವುದರಿಂದ, ಧೂಳು-ನೀರಿನ ತಡೆಯನ್ನು ಸೂಚಿಸುವ ಐಪಿ ಅಂಕಿಗಳಲ್ಲಿ ಮೊದಲನೆಯದು 6 ಆಗಿರುವುದು, ಎಂದರೆ ಧೂಳು ಒಳಹೋಗದಂತೆ ಮುಚ್ಚಿರುವುದು, ಇಲ್ಲಿ ಕೇವಲ ಮೆರುಗಿನ ಮಾತಲ್ಲ. ಸ್ಥಾನ ನಿರ್ಣಯದ ವಿಷಯದಲ್ಲೂ ಎಚ್ಚರ ಬೇಕು. ಸಿಮ್ ಇಲ್ಲದ, ವೈ-ಫೈ ಮಾತ್ರವಿರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲವಾದ್ದರಿಂದ ಅವು ಮನೆಯ ಜಾಗವನ್ನು ನೆಚ್ಚಿಕೊಳ್ಳುವಷ್ಟು ನಿಖರವಾಗಿ ದಾಖಲಿಸಲಾರವು. ಜಾಲ ಸಿಗದ ಕಡೆಯೂ ವರದಿ ಯಂತ್ರದಲ್ಲೇ ಉಳಿದು, ಜಾಲ ಸಿಕ್ಕಾಗ ತಾನಾಗಿ ಹೋಗುವಂತಿರಬೇಕು. ಬೆರಳಿಗಿಂತ ಲೇಖನಿಯಂಥ ಸ್ಟೈಲಸ್ ಕೈನಕ್ಷೆಗೆ ಒಗ್ಗುತ್ತದೆ. ಮೂಲ ಟಿಪ್ಪಣಿಯ ಬೆಲೆ ಬಲ್ಲ ಭೂಮಾಪಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಒರಸುವ ಪ್ರಶ್ನೆ ಮಾತ್ರ ಯಂತ್ರವನ್ನು ಕೊಂಡ ಮಾತ್ರಕ್ಕೆ ತೀರುವಂಥದ್ದಲ್ಲ. ಟ್ಯಾಬ್ಲೆಟ್‌ನಲ್ಲಿ ಬರೆದದ್ದನ್ನು ಕಡತಕ್ಕಿಂತ ಸುಲಭವಾಗಿ ಅಳಿಸಿ ಬರೆಯಬಹುದು. ಯಾರು, ಯಾವಾಗ, ಏನನ್ನು ತಿದ್ದಿದರೆಂಬ ಜಾಡನ್ನು ಉಳಿಸುವ ತಂತ್ರಾಂಶವಿದ್ದರೆ ಕಾಗದಕ್ಕಿಂತ ಗಟ್ಟಿಯಾದ ಸಾಕ್ಷ್ಯವೂ ಅದರಿಂದ ಸಿಗಬಹುದು. ಆದರೆ ಆ ಜಾಡು ಕಾಣುವುದು ಕಚೇರಿಗೆ. ಮನೆಯವರಿಗೆ ಕಾಣುವ ಸಾಕ್ಷ್ಯ ಇನ್ನೊಂದಿತ್ತು: ಮಹಜರು. ಸ್ಥಳದಲ್ಲಿ ಕಂಡದ್ದನ್ನು ಅಲ್ಲೇ ಬರೆದು, ನೆರೆಹೊರೆಯ ಪಂಚರ ಮುಂದೆ ಗಟ್ಟಿಯಾಗಿ ಓದಿ ಹೇಳಿ, ಅವರ ರುಜು ಅಥವಾ ಹೆಬ್ಬೆಟ್ಟಿನ ಗುರುತು ಪಡೆಯುವ ಈ ಪದ್ಧತಿ ಕಂದಾಯ ಇಲಾಖೆಯಲ್ಲಿ ಇಂದಿಗೂ ಜೀವಂತವಾಗಿದೆ. ಮನೆಯೊಳಗೆ ತೆಲುಗೋ ತಮಿಳೋ ಮಾತಾಡುವ ಕುಟುಂಬಗಳು ಹೆಚ್ಚಿರುವ ಈ ಗಡಿಸೀಮೆಯಲ್ಲಿ, ಕನ್ನಡದ ವರದಿಯನ್ನು ಓದಿ ತಿಳಿಸುವ ಆ ಹೊತ್ತಿನಲ್ಲೇ ಎಷ್ಟೋ ತಪ್ಪುಗಳು ತಿದ್ದಿಕೊಳ್ಳುತ್ತವೆ: ಹೆಸರಿನ ಅಕ್ಷರ, ಗೋಡೆ ಯಾರ ಪಾಲಿನದು, ಶೌಚಾಲಯ ಇದೆಯೋ ಇಲ್ಲವೋ. ಆದ್ದರಿಂದ ಹತ್ತು ಅಂಗುಲದ ಪರದೆಗೂ ಎಂಟು ಅಂಗುಲದ ಪರದೆಗೂ ನಡುವೆ ಆರಿಸುವಾಗ, ಹಿಡಿದು ನಿಲ್ಲುವ ಕೈಗೆ ಚಿಕ್ಕದು ಹಗುರವಾದರೂ, ಮನೆಯೊಡತಿಯೂ ಪಕ್ಕದ ಮನೆಯವರೂ ಜೊತೆಗೆ ನಿಂತು ಓದುವಷ್ಟು ದೊಡ್ಡ ಕನ್ನಡ ಅಕ್ಷರಗಳನ್ನು ತೋರಿಸಬಲ್ಲ ಪರದೆಗೇ ಮಹಜರಿನ ಕೆಲಸ ಹೆಚ್ಚು ಒಗ್ಗುತ್ತದೆ. ವರದಿ ಕಳುಹಿಸುವ ಮೊದಲು ಅವರ ರುಜುವನ್ನು ಅದೇ ಪರದೆಯ ಮೇಲೆ ಪಡೆದು, ಒಂದು ಪ್ರತಿಯನ್ನು ಆ ಕುಟುಂಬದ ಮೊಬೈಲಿಗೆ ಅಲ್ಲಿಂದಲೇ ಕಳುಹಿಸಬಹುದು.