ಪ್ರಶ್ನೋತ್ತರ ವಿಭಾಗದಲ್ಲಿ ರಾಮಾನುಜನ್

ಶ್ರೀನಿವಾಸ ರಾಮಾನುಜನ್ನರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ 1913ರ ಜನವರಿಯಲ್ಲಿ ಅವರು ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರವನ್ನೇ ಮೊದಲ ಮಹತ್ತ್ವದ ಘಟನೆಯೆಂದು ಎಣಿಸುತ್ತಾರೆ. ಅದರ ಹಿಂದಿನ ಎರಡು ವರ್ಷಗಳು ಬಡತನದ ವರ್ಣನೆಯಲ್ಲಿಯೇ ಕಳೆದುಹೋಗುತ್ತವೆ. ಆದರೆ ಆ ಅವಧಿಯಲ್ಲಿ ಅವರಿಗೆ ಒಂದು ಬಗೆಯ ಶಿಕ್ಷಣ ದೊರೆಯಿತೆಂದೂ, ಅದನ್ನು ಕೊಟ್ಟುದು ಯಾವ ಕಾಲೇಜೂ ಅಲ್ಲ, ಒಂದು ವಿದ್ವತ್ಪತ್ರಿಕೆಯ ಪ್ರಶ್ನೋತ್ತರ ವಿಭಾಗವೆಂದೂ ನಾವು ಭಾವಿಸುತ್ತೇವೆ. ವಿದ್ಯೆಯ ಇತಿಹಾಸವೆಂದರೆ ವಿಶ್ವವಿದ್ಯಾನಿಲಯಗಳ ಇತಿಹಾಸವೆಂದೇ ತಿಳಿಯುವ ರೂಢಿ ನಮ್ಮಲ್ಲಿ ಬಲವಾಗಿರುವುದರಿಂದ ಈ ಸಂಗತಿಯನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತ.

1907ರಲ್ಲಿ ಗುತ್ತಿಯಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರು ಗಣಿತದಲ್ಲಿ ಆಸಕ್ತಿಯುಳ್ಳ ಕೆಲವರಿಗೆ ಪತ್ರ ಬರೆದು ಒಂದು ಸಂಘವನ್ನು ಕಟ್ಟಿದರು. ಇದೇ ಮುಂದೆ ಭಾರತೀಯ ಗಣಿತ ಸಂಘವಾಯಿತು. ಒಬ್ಬೊಬ್ಬರೇ ಕೊಳ್ಳಲಾಗದ ಗ್ರಂಥಗಳನ್ನೂ ವಿದೇಶದ ಪತ್ರಿಕೆಗಳನ್ನೂ ಕೂಡಿ ತರಿಸಿ, ಅಂಚೆಯ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಅದರ ಮೊದಲ ಉದ್ದೇಶ. 1909ರಲ್ಲಿ ಸಂಘವು ತನ್ನದೇ ಪತ್ರಿಕೆಯನ್ನು ಹೊರಡಿಸತೊಡಗಿತು. ಅದರ ಒಂದು ವಿಭಾಗದಲ್ಲಿ ಓದುಗರು ಕಳುಹಿದ ಪ್ರಶ್ನೆಗಳು ಕ್ರಮಸಂಖ್ಯೆಯೊಡನೆ ಅಚ್ಚಾಗುತ್ತಿದ್ದವು. ಬಿಡಿಸಬಲ್ಲವರು ಉತ್ತರವನ್ನು ಬರೆದು ಕಳುಹಿದರೆ ಅದು ಮುಂದಿನ ಸಂಚಿಕೆಗಳಲ್ಲಿ ಅವರ ಹೆಸರಿನೊಡನೆ ಪ್ರಕಟವಾಗುತ್ತಿತ್ತು. ಲಂಡನ್ನಿನ ಪತ್ರಿಕೆಗಳಲ್ಲಿ ಈ ಪದ್ಧತಿ ಹಿಂದಿನಿಂದಲೂ ಇತ್ತು. ನಮ್ಮ ದೇಶದಲ್ಲಿ, ಪದವಿಯಿಲ್ಲದವನ ಮಾತಿಗೆ ಕಿವಿಗೊಡುವವರು ವಿರಳವಾಗಿದ್ದ ಕಾಲದಲ್ಲಿ, ಅದಕ್ಕೆ ಬೇರೊಂದು ಬೆಲೆ ಬಂದಿತು.

ರಾಮಾನುಜನ್ನರಾದರೋ ಎಫ್. ಎ. ಪರೀಕ್ಷೆಯನ್ನೂ ದಾಟಲಾರದೆ ಕಾಲೇಜನ್ನು ಬಿಟ್ಟವರು. ಅವರ ಗುರುವೆಂದರೆ ಕಾರ್ ಎಂಬಾತನ ಒಂದು ಸಂಗ್ರಹಗ್ರಂಥ. ಅದರಲ್ಲಿ ಸಾವಿರಾರು ಪ್ರಮೇಯಗಳಿದ್ದವು, ಸಾಧನೆಗಳು ಮಾತ್ರ ಬಹಳ ಕಡಮೆ. ಶಿಷ್ಯನೂ ಅದೇ ರೀತಿಯಲ್ಲಿ ಫಲಿತಾಂಶಗಳನ್ನಷ್ಟೇ ತನ್ನ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತ ಹೋದನು. ತನಗಾಗಿಯೇ ಬರೆದುಕೊಳ್ಳುವವನಿಗೆ ಅಷ್ಟು ಸಾಕು. 1910ರಲ್ಲಿ ಅವರು ಗುಮಾಸ್ತೆಯ ಕೆಲಸವನ್ನು ಬೇಡಿ ತಿರುಕ್ಕೋವಿಲೂರಿನಲ್ಲಿದ್ದ ರಾಮಸ್ವಾಮಿ ಅಯ್ಯರ್ ಅವರನ್ನು ಕಂಡರು. ಆ ಪುಸ್ತಕಗಳನ್ನು ನೋಡಿದ ಅಯ್ಯರ್ ಅವರು ಕೆಲಸವನ್ನು ಕೊಡದೆ ಮದರಾಸಿನ ಗಣಿತಜ್ಞರಿಗೆ ಪರಿಚಯದ ಪತ್ರವನ್ನು ಕೊಟ್ಟು ಕಳುಹಿಸಿದರು.

1911ರಲ್ಲಿ ರಾಮಾನುಜನ್ನರ ಹೆಸರು ಪತ್ರಿಕೆಯಲ್ಲಿ ಕಾಣತೊಡಗುತ್ತದೆ. ಅವರ ಪ್ರಶ್ನೆಗಳಲ್ಲಿ 289ನೆಯದು ಪ್ರಸಿದ್ಧವಾದುದು. 1ಕ್ಕೆ, 2ರಿಂದ ಗುಣಿಸಿದ ಒಂದು ವರ್ಗಮೂಲವನ್ನು ಕೂಡಿಸಿ ಮೊತ್ತದ ವರ್ಗಮೂಲವನ್ನು ತೆಗೆಯಬೇಕು, ಆ ಒಳಗಿನ ವರ್ಗಮೂಲದಲ್ಲಿ ಮತ್ತೆ 1ಕ್ಕೆ, 3ರಿಂದ ಗುಣಿಸಿದ ಇನ್ನೊಂದು, ಅದರೊಳಗೆ 4ರಿಂದ ಗುಣಿಸಿದುದು, ಹೀಗೆ ಕೊನೆಯಿಲ್ಲದೆ. ಇದರ ಬೆಲೆಯೇನು? ಮೂರು ಸಂಚಿಕೆಗಳು ಕಳೆದರೂ ಯಾರೂ ಉತ್ತರ ಕಳುಹಲಿಲ್ಲ. ಕಡೆಗೆ ಪ್ರಶ್ನಿಸಿದವರೇ ಉತ್ತರವನ್ನೂ ಬರೆಯಬೇಕಾಯಿತು: ಬೆಲೆ 3. ಏಕೆಂದರೆ 3 ಎಂಬುದು 9ರ ವರ್ಗಮೂಲ, 9 ಎಂದರೆ 1 ಮತ್ತು 2×4. ಆ 4 ಎಂಬುದು 16ರ ವರ್ಗಮೂಲ, 16 ಎಂದರೆ 1 ಮತ್ತು 3×5. ಆ 5ನ್ನೂ ಹೀಗೆಯೇ ಬಿಡಿಸಬಹುದು. ಇಲ್ಲಿ ನಮಗೆ ಮುಖ್ಯವಾದುದು ಉತ್ತರವಲ್ಲ, ಅದನ್ನು ಬರೆಯಬೇಕಾಗಿ ಬಂದ ಸಂದರ್ಭ. ಓದುಗರ ಮೌನವೂ ಒಂದು ಪ್ರತಿಕ್ರಿಯೆಯೇ. ತನಗೆ ಕಣ್ಣಿಗೆ ಕಟ್ಟಿದಂತಿದ್ದುದು ಇತರರಿಗೆ ಹಾಗಿರಲಿಲ್ಲವೆಂಬುದನ್ನು ಅದು ಅವರಿಗೆ ತೋರಿಸಿಕೊಟ್ಟಿರಬೇಕು.

ಇನ್ನೂ ಕಠಿನವಾದ ಪಾಠ ಬೆಂಗಳೂರಿನಿಂದ ಬಂದಿತು. ಪತ್ರಿಕೆಯ ಸಂಪಾದಕರು ಸೆಂಟ್ರಲ್ ಕಾಲೇಜಿನ ಗಣಿತಾಧ್ಯಾಪಕರಾದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು 1916ರಲ್ಲಿ. ಆ ಕಾಲೇಜು ಆಗಿನ್ನೂ ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಬರ್ನೂಲಿ ಸಂಖ್ಯೆಗಳನ್ನು ಕುರಿತು ರಾಮಾನುಜನ್ನರು ಬರೆದ ಮೊದಲ ಲೇಖನವು 1911ರಲ್ಲಿ ಅಚ್ಚಾಗುವ ಮೊದಲು ಮದರಾಸಿಗೂ ಬೆಂಗಳೂರಿಗೂ ನಡುವೆ ಹಲವು ಸಲ ಓಡಾಡಿತು. ವಿಧಾನವು ಹೊಸದು, ಬರವಣಿಗೆ ಅತಿಸಂಕ್ಷಿಪ್ತ, ಸಾಮಾನ್ಯ ಓದುಗನು ಹಿಂಬಾಲಿಸಲಾರನು ಎಂಬುದು ಸಂಪಾದಕರ ಆಕ್ಷೇಪಣೆ. ಹಸ್ತಪ್ರತಿಯನ್ನು ಒಮ್ಮೆಗೇ ತಿರಸ್ಕರಿಸುವುದು ಸುಲಭವಾಗಿತ್ತು. ಹಾಗೆ ಮಾಡದೆ ತಿದ್ದಲು ಹಿಂದಿರುಗಿಸುತ್ತ ಬಂದ ಈ ಅಧ್ಯಾಪಕರನ್ನು ನಮ್ಮವರು ಇನ್ನಷ್ಟು ನೆನೆಯಬೇಕಾಗಿತ್ತು.

ಹಾಗೆಂದು ಪತ್ರಿಕೆಯೇ ರಾಮಾನುಜನ್ನರನ್ನು ನಿರ್ಮಿಸಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಪಾಠವೂ ಪೂರ್ಣವಾಗಿ ಹತ್ತಲಿಲ್ಲ. ಬರ್ನೂಲಿ ಸಂಖ್ಯೆಗಳನ್ನು ಅವುಗಳ ಕ್ರಮಸಂಖ್ಯೆಯಿಂದ ಭಾಗಿಸಿದಾಗ ದೊರೆಯುವ ಭಿನ್ನರಾಶಿಯ ಅಂಶವು ಅವಿಭಾಜ್ಯವೆಂದು ಆ ಲೇಖನದಲ್ಲಿ ಸಾಧನೆಯಿಲ್ಲದೆ ಹೇಳಿದೆ. ಇಪ್ಪತ್ತನೆಯ ಸಂಖ್ಯೆಯಲ್ಲಿ ಬರುವ 174611 ಎಂಬುದು 283 ಮತ್ತು 617ರ ಗುಣಲಬ್ಧ. 289ನೆಯ ಪ್ರಶ್ನೆಯ ಉತ್ತರದಲ್ಲಿಯೂ, ಕೊನೆಯಿಲ್ಲದ ಆ ಕ್ರಮವು ದಿಟವಾಗಿ 3ಕ್ಕೇ ಸಮೀಪಿಸುತ್ತದೆಂಬುದಕ್ಕೆ ಸಮರ್ಥನೆಯಿರಲಿಲ್ಲ. 1927ರಲ್ಲಿ ಅವರ ಲೇಖನಗಳ ಸಂಪುಟವು ಪ್ರಕಟವಾದಾಗ ಟಿ. ವಿಜಯರಾಘವನ್ ಅವರ ಟಿಪ್ಪಣಿ ಆ ಕೊರತೆಯನ್ನು ತುಂಬಿತು. ಅಚ್ಚಿನಲ್ಲಿ ಹೊರಬಂದುದರಿಂದಲೇ ಈ ದೋಷಗಳು ಇತರರ ಕಣ್ಣಿಗೆ ಬೀಳುವಂತಾಯಿತು. ಪೆಟ್ಟಿಗೆಯಲ್ಲಿಟ್ಟ ಪುಸ್ತಕವನ್ನು ತಿದ್ದುವವರಾರು?

ಒಟ್ಟಿನಲ್ಲಿ ರಾಮಾನುಜನ್ನರು ಐವತ್ತಕ್ಕೂ ಹೆಚ್ಚು ಪ್ರಶ್ನೆಗಳನ್ನು ಆ ವಿಭಾಗಕ್ಕೆ ಕಳುಹಿಸಿದರು. ಇಂಗ್ಲೆಂಡಿಗೆ ಹೋದ ಮೇಲೂ ಆ ಸಂಬಂಧವನ್ನು ಬಿಡಲಿಲ್ಲ. ಅವುಗಳಲ್ಲಿ 1913ರ ಎರಡು ಪ್ರಶ್ನೆಗಳ ಗತಿ ಕುತೂಹಲಕರವಾಗಿದೆ. 464ನೆಯದು ಹೀಗೆ: 2ನ್ನು 3, 4, 5, 7 ಅಥವಾ 15 ಸಲ ಗುಣಿಸಿ 7ನ್ನು ಕಳೆದರೆ ಪೂರ್ಣವರ್ಗ ಬರುತ್ತದೆ, ಇಂತಹವು ಇನ್ನೂ ಇವೆಯೇ? ಇಲ್ಲವೆಂಬುದನ್ನು ನಾರ್ವೆಯ ನಾಗೆಲ್ 1948ರಲ್ಲಿ ಸಾಧಿಸಿದರು. 469ನೆಯದು ಇದಕ್ಕಿಂತ ಸರಳವಾಗಿ ಕಾಣುತ್ತದೆ. 1ರಿಂದ 4ರವರೆಗಿನ ಸಂಖ್ಯೆಗಳ ಗುಣಲಬ್ಧಕ್ಕೆ 1ನ್ನು ಕೂಡಿಸಿದರೆ 25, ಅದು 5ರ ವರ್ಗ. 5ರವರೆಗೆ ಗುಣಿಸಿದರೆ 11ರ ವರ್ಗ, 7ರವರೆಗೆ ಗುಣಿಸಿದರೆ 71ರ ವರ್ಗ. ಬೇರೆ ಸಂಖ್ಯೆಗಳಿವೆಯೇ ಎಂಬುದು ಪ್ರಶ್ನೆ. ಫ್ರಾನ್ಸಿನ ಬ್ರೋಕಾರ್ 1876ರಲ್ಲಿಯೇ ಇದನ್ನು ಕೇಳಿದ್ದರು. ಇದಕ್ಕೆ ಇಂದಿಗೂ ಯಾರೂ ಉತ್ತರ ಕಳುಹಿಲ್ಲ.